ಕೈ ಮೂಸಿ ನೋಡಿದ ಪಾಠ

ನಾನು ಚಿಕ್ಕವಳಿದ್ದಾಗ ಬಂಟ್ವಾಳದ ಕಡೆಯ ನಮ್ಮೂರಿನಲ್ಲಿ ಮನೆಮನೆಯ ಹೆಂಗಸರೂ ಬೀಡಿ ಕಟ್ಟುತ್ತಿದ್ದರು. ನಾವು ಮಕ್ಕಳು ಶಾಲೆಗೆ ಹೊರಡುವ ಮೊದಲು ಅವರು ಕಟ್ಟಿದ ಬೀಡಿಯ ತುದಿ ಮಡಚಿ ಕೊಡಬೇಕಿತ್ತು.

ಒಂದು ಶನಿವಾರ ಸಮಾಜ ಪಾಠದಲ್ಲಿ ಟೀಚರ್, ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆಂದು ಬರೆಯಲು ಹೇಳಿದರು. 'ಅಪ್ಪನಿಗೆ ಗದ್ದೆ ಕೆಲಸ. ಅಮ್ಮನಿಗೆ ಕೆಲಸ ಇಲ್ಲ' ಎಂದು ಬರೆದೆ. ಅಪ್ಪ ಯಾವಾಗಲೂ ಹೇಳುತ್ತಿದ್ದದ್ದೇ ಹಾಗೆ. ಇಡೀ ತರಗತಿಯೂ ಅದನ್ನೇ ಬರೆದಿತ್ತು!

ಟೀಚರ್ ಬೈಯಲಿಲ್ಲ. "ಎಲ್ಲರೂ ನಿಮ್ಮ ನಿಮ್ಮ ಕೈ ಮೂಸಿ ನೋಡಿ" ಎಂದರು. ಮೂಸಿದೆವು. ಹೊಗೆಸೊಪ್ಪಿನ ಘಾಟಿಗೆ ಒಬ್ಬಳು ಸೀನಿಯೇ ಬಿಟ್ಟಳು.

"ಈ ವಾಸನೆ ಎಲ್ಲಿಂದ ಬಂತು? ಬೇರೆಯವರು ಹೇಳಿದ್ದು ಬೇಡ, ನೀವು ನೋಡಿದ್ದನ್ನು ಬರೀರಿ. ನಾಳೆ ಇಡೀ ದಿನ ಅಮ್ಮನ ಹತ್ರ ಕೂತ್ಕೊಳ್ಳಿ. ಅಪ್ಪನ ಸಹಿ ಹಾಕಿಸಿ ತನ್ನಿ, ಗೋಡೆಗೆ ಅಂಟಿಸುವ" ಎಂದರು.

ಭಾನುವಾರ ಏಳು ಗಂಟೆಗೆ ಎದ್ದು ಜಗಲಿಯಲ್ಲಿ ಅಮ್ಮನ ಪಕ್ಕ ಕೂತೆ. ಅವರ ಮಡಿಲಲ್ಲಿ ಬೀಡಿಯ ಮೊರ. ಒಳಗಿನಿಂದ ಕುಚ್ಚಲಕ್ಕಿ ಬೇಯುವ ವಾಸನೆ. ಮಾತಾಡುವಾಗಲೂ ಅವರ ಬೆರಳು ನಿಲ್ಲುತ್ತಿರಲಿಲ್ಲ. ನಡುವೆ ಎದ್ದು ನೀರು ಸೇದಿದರು, ದನಕ್ಕೆ ಹುಲ್ಲು ಹಾಕಿದರು, ಮತ್ತೆ ಕೂತರು. ಬರೆದು ಬರೆದು ನನ್ನ ಕೈ ಸೋತಿತು. 'ಕೆಲಸ ಇಲ್ಲ' ಎಂದು ಬರೆದಿದ್ದಕ್ಕೆ ನನಗೆ ನಾಚಿಕೆಯಾಯಿತು.

ಸಂಜೆ ಪುಸ್ತಕವನ್ನು ಅಪ್ಪನ ಮುಂದೆ ಇಟ್ಟು ಬಾಗಿಲ ಬಳಿ ನಿಂತೆ. ಅವರ ಮಾತಿಗೆ ಎದುರಾಗಿ ಬರೆದಿದ್ದೆನಲ್ಲ! ಅವರು ಸಹಿ ಹಾಕದಿದ್ದರೆ ಶಾಲೆಯ ಗೋಡೆಯ ಮೇಲೆ ನನ್ನ ಅಮ್ಮನ ಕೆಲಸ ಇರುವುದಿಲ್ಲ. ಅಪ್ಪ ಎರಡು ಸಲ ಓದಿದರು.

"ಇದು ಸರಿ ಇಲ್ಲ" ಎಂದರು. ನನ್ನ ಕಣ್ಣು ತುಂಬಿತು.

"ನೀನು ಏಳುವ ಮೊದಲಿನದ್ದು ಎಲ್ಲಿ ಉಂಟು?" ಎಂದವರೇ ಪೆನ್ನು ತೆಗೆದುಕೊಂಡು ಎಲ್ಲಕ್ಕಿಂತ ಮೇಲೆ ತಾವೇ ಬರೆದರು: 'ಬೆಳಿಗ್ಗೆ ನಾಲ್ಕು ಗಂಟೆಗೆ ಒಲೆ ಉರಿಸುವುದು.' ಕೆಳಗೆ ಸಹಿ ಹಾಕಿದರು. ಅಮ್ಮ ತಲೆ ಎತ್ತದೆ ಬೀಡಿ ಕಟ್ಟುತ್ತಲೇ ನಗುತ್ತಿದ್ದರು.

ಮಕ್ಕಳೇ, ನಮ್ಮ ಮನೆಯ ಆ ಮೊರ ಈಗ ಅಟ್ಟ ಸೇರಿದೆ. ನೀವು ಮೂಡುಬಿದಿರೆಗೆ ಶಾಲೆಯ ಬಸ್ಸಿನಲ್ಲಿ ಹೋಗಿಬರುತ್ತೀರಿ, ಯಾವ ಪ್ರಶ್ನೆಗೂ ಫೋನು ಉತ್ತರ ಕೊಡುತ್ತದೆ. ಅದು ಹೇಳಿದ್ದನ್ನೆಲ್ಲ ಹಾಗೆಯೇ ನಂಬಿಬಿಡುತ್ತೀರೇನೋ ಎಂದು ನನಗೆ ಹೆದರಿಕೆಯಿತ್ತು. ಆದರೆ ನಿನ್ನೆ ಈ ಕಥೆ ಕೇಳಿದ ಮೊಮ್ಮಗಳು ಸಮಾಜ ಪುಸ್ತಕ ಮುಚ್ಚಿಟ್ಟು ಕೇಳಿದಳು: "ಅಜ್ಜಿ, ನಾಲ್ಕು ಗಂಟೆಗೆ ಒಲೆ ಉರಿಸಿದ್ದು ನಿಮ್ಮ ಅಪ್ಪನಿಗೆ ಹೇಗೆ ಗೊತ್ತು? ಅವರೂ ಮಲಗಿರ್ಬೇಕಲ್ಲ?"

ನನ್ನ ಅಪ್ಪನ ಮಾತನ್ನೇ ಪ್ರಶ್ನಿಸಿದಳೆಂದು ಒಂದು ಕ್ಷಣ ಸಿಟ್ಟು ಬಂತು. ಇಷ್ಟು ವರ್ಷ ನನಗೇ ಹೊಳೆಯದ ಪ್ರಶ್ನೆ! 'ನೀವು ನೋಡಿದ್ದನ್ನು ಬರೀರಿ' ಎಂದಿದ್ದ ನನ್ನ ಆ ಟೀಚರ್ ಕೇಳಿಸಿಕೊಂಡಿದ್ದರೆ ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು.