ಕಸಿ ಅಂಗಿಯ ಕಂಕುಳು

ಬಟ್ಟೆ ಕೊಟ್ಟವರು ಟೇಲರನನ್ನು ನಂಬುವುದಿಲ್ಲ, ಟೇಲರನೂ ಅವರನ್ನು ನಂಬುವುದಿಲ್ಲ. ದಾಂಡೇಲಿಯಲ್ಲಿ ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ ಅದು. ಹಾಗಾಗಿ ತೇರಗಾಂವದ ಆಯಿಯೊಬ್ಬಳು ಧೋತರದಲ್ಲಿ ಸುತ್ತಿದ ರೇಷ್ಮೆಯ ಕಸಿ ಅಂಗಿಯನ್ನು ಬಿಚ್ಚಿಟ್ಟು, ಇದು ಇನ್ನೂರೈವತ್ತು ವರ್ಷದ್ದು, ನಮ್ಮ ಹಿರಿಯರು ದರ್ಬಾರಿಗೆ ತೊಡುತ್ತಿದ್ದದ್ದು ಎಂದಾಗ ಒಳಗೊಳಗೇ ನಕ್ಕೆ. ಯಾವುದೋ ನಾಟಕ ಕಂಪನಿ ಮಾರಿದ ಮಾಲು ಎಂದುಕೊಂಡೆ.

ಅವರ ಮನೆಯ ಗಂಡುಮಕ್ಕಳು ಅದನ್ನು ತೊಟ್ಟೇ ಮದುವೆಯ ಅಕ್ಕಿಕಾಳಿಗೆ ನಿಲ್ಲಬೇಕಂತೆ. ಈಗ ಮದುವೆಯಾಗುವ ಮೊಮ್ಮಗನ ಭುಜ ಅಗಲ, ಬಿಚ್ಚಿ ದೊಡ್ಡದು ಮಾಡಬೇಕು. ಕೊಟ್ಟು ಹೋಗುತ್ತಾಳೆ ಎಂದುಕೊಂಡರೆ ಆಯಿ ಸ್ಟೂಲಿನ ಮೇಲೆ ಕೂತೇ ಬಿಟ್ಟಳು.

"ನನ್ನ ಕಣ್ಣ ಮುಂದನ ಬಿಚ್ರಿ," ಎಂದಳು.

ಅದಕ್ಕೊಂದು ಕಾರಣವಿತ್ತು. ಅವಳ ಅತ್ತೆ ಹಿಂದೊಮ್ಮೆ ಈ ಅಂಗಿಯನ್ನು ದಾಂಡೇಲಿಯ ಯಾರೋ ಟೇಲರನಿಗೆ ರಿಪೇರಿಗೆ ಕೊಟ್ಟಿದ್ದಳಂತೆ. ಅವನು ನಮ್ಮ ರೇಷ್ಮೆ ತಿಂದ ಎಂದು ಸಾಯುವವರೆಗೂ ಹೇಳುತ್ತಿದ್ದಳಂತೆ. ಮನೆಯಲ್ಲಿ ಒಬ್ಬರೂ ನಂಬಲಿಲ್ಲ, ಮುದುಕಿಗೆ ಅರಳು ಮರಳು ಎಂದರು. ಆ ಟೇಲರ್ ಯಾರೆಂದು ಆಯಿಗೆ ಗೊತ್ತಿರಲಿಲ್ಲ. ಮೂರು ದಿನ ಬೆಳಗಿನ ಬಸ್ಸಿಗೆ ರೊಟ್ಟಿ ಕಟ್ಟಿಕೊಂಡು ಬಂದು ನನ್ನ ಕೈಯನ್ನೇ ನೋಡುತ್ತ ಕೂತಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಅಂಗಿ ಬಿಚ್ಚಿದಂತೆ ನನ್ನ ಅನುಮಾನ ಕರಗಿತು. ಮಷಿನ್ನಿನ ಒಂದು ಹೊಲಿಗೆಯೂ ಇಲ್ಲ. ಗೇಣಗಲದ ರೇಷ್ಮೆ ಪಟ್ಟಿಗಳನ್ನು ಜೋಡಿಸಿ, ಸೊಂಟದ ಕೆಳಗೆ ಮುಮ್ಮೂಲೆ ತುಂಡುಗಳಿಂದ ಘೇರು ಕೊಟ್ಟಿದ್ದರು. ಗುಂಡಿಯ ಬದಲು ಕಟ್ಟುವ ಕಸಿ, ಅಂದರೆ ಲಾಡಿ. ಒಳಗೆಲ್ಲ ಹತ್ತಿ ಅರಿವೆಯ ಅಸ್ತರು. ನಡೆಯುವಾಗ ಅಂಚು ಮಗುಚಿದರೆ ಕಾಣುವಷ್ಟು ಮಾತ್ರ ಒಳಗೂ ರೇಷ್ಮೆ. ಮುಂದೆ ಬಿಚ್ಚಿ ಬೇರೆ ಹೊಲಿಯಲು ಬರಲೆಂದು ಕೈಹೊಲಿಗೆಯ ಉದ್ದುದ್ದ ಟಾಕಿ ಹಾಕಿದ್ದರು. ಬಡ ಬುದ್ಧಿಯ ಶ್ರೀಮಂತರು!

ಮೂರನೆಯ ದಿನ ಕಂಕುಳಿಗೆ ಬಂದೆ. ಅಲ್ಲಿಯ ಅಂಗೈಯಗಲದ ಎರಡು ತುಂಡುಗಳ ಬಣ್ಣ ಅದೇ, ಹೊಳಪು ಬೇರೆ. ನನಗಿಂತ ಮೊದಲು ಆಯಿಯೇ ಕಂಡಳು. ಎದೆಯ ಕಡೆಯ ಒಂದೆಳೆ ಎಳೆದು ಕಡ್ಡಿ ಗೀರಿದಳು, ಕೂದಲು ಸುಟ್ಟ ವಾಸನೆ ಬಂತು. ಕಂಕುಳಿನ ಎಳೆ ಕಾಗದದ ಹಾಗೆ ಭಗ್ಗನೆ ಉರಿಯಿತು.

ಆರ್ಟ್ ಸಿಲ್ಕ್, ನಕಲಿ ರೇಷ್ಮೆ. ನಾನು ಹೊಲಿಗೆ ನೋಡಿದೆ. ಟಾಕಿಗಳೆಲ್ಲ ಉಲ್ಟಾ ಓರೆಯಾಗಿದ್ದವು, ಕೊನೆಗೆ ಮೂರು ಗಂಟು. ಎಡಗೈಯಲ್ಲಿ ಹೊಲಿದು ಮೂರು ಗಂಟು ಹಾಕುತ್ತಿದ್ದವನು ಈ ಊರಿನಲ್ಲಿ ಒಬ್ಬನೇ, ನನ್ನಪ್ಪ. ಹರಿದದ್ದಾಗಿದ್ದರೆ ಹೇಳಿ ಬೇರೆ ಹಾಕಬಹುದಿತ್ತು. ಸುತ್ತಲ ರೇಷ್ಮೆ ಗಟ್ಟಿಯಾಗಿಯೇ ಇತ್ತು. ಆ ಅತ್ತೆ ಹೇಳಿದ್ದು ನಿಜವೇ.

"ಖರೇ ಹೇಳ್ರಿ. ಇದನ್ನ ಯಾರರ ಬದಲಿ ಮಾಡ್ಯಾರೇನು?" ಎಂದಳು ಆಯಿ.

ಬೆವರಿಗೆ ರೇಷ್ಮೆ ಬೇಗ ಹಾಳಾಗುತ್ತದೆ, ಅದಕ್ಕೇ ಹಿಂದಿನವರು ಕಂಕುಳಿಗೆ ಬೇರೆ ಬಟ್ಟೆ ಹಾಕುತ್ತಿದ್ದರು, ಇದು ಮೊದಲಿನಿಂದ ಇದ್ದದ್ದೇ ಎಂದೆ. ಅಸ್ತರಿನ ಅರಿವೆಯನ್ನೂ ಸಾಕ್ಷಿಗೆ ತೋರಿಸಿದೆ. ಅರ್ಧ ನಿಜವಾದ್ದರಿಂದ ಸಲೀಸಾಗಿ ಬಾಯಿಗೆ ಬಂತು.

ಆಯಿ ಸುಟ್ಟ ಎಳೆಗಳ ಬೂದಿಯನ್ನು ಸೆರಗಿನಿಂದ ಒರೆಸಿದಳು.

"ಹಂಗಾರ ನಮ್ಮತ್ತಿ ಸಾಯೂತನಕಾ ಯಾರಿಗೋ ಸುಳ್ಳ ಸುಳ್ಳ ಬೈದ್ಲು. ನಾನೂ ನಿಮ್ಮ ಮ್ಯಾಲೆ ಸಂಶೆ ಪಟ್ಟೆ. ತಪ್ಪಾತ್ರಿ."

ಕೈಮುಗಿದಳು. ಸೋಮವಾರ ಬಂದು ಒಯ್ಯುತ್ತೇನೆ ಎಂದು, ಬಿಚ್ಚಿ ಹರವಿದ ಅಂಗಿಯನ್ನು ನನ್ನೊಬ್ಬನ ಕೈಯಲ್ಲಿ ಬಿಟ್ಟು ಬಸ್ಸಿಗೆ ನಡೆದಳು.