ಶಶಿಕಲಾ ಇಡುವ ಕೆಂಪು ಚುಕ್ಕೆ

ಸೇಲಂ ಕಡೆಯ ಮೇಚೇರಿಯ ಹೊರಗೆ, ಕಡಲೆಕಾಯಿ ಕಿತ್ತು ಬಿಟ್ಟ ಹೊಲದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಯುವಕ ಹೆಲ್ಮೆಟ್ ಹಾಕಿ, ಗದ್ದದ ಪಟ್ಟಿ ಬಿಗಿದು ಕೂತಿದ್ದಾನೆ. ಅವನ ಹಿಂದೆ ನಿಂತ ಶಶಿಕಲಾ ಹೆಲ್ಮೆಟ್ಟಿನ ಹಿಂದಂಚಿಗೆ ಎರಡೂ ಅಂಗೈ ಕೊಟ್ಟು, ನೆಲದ ಗೂಟ ಕೀಳುವವರಂತೆ ಮೇಲಕ್ಕೆ, ಮುಂದಕ್ಕೆ ಒತ್ತುತ್ತಾರೆ. ಯುವಕನ ಕತ್ತು ಬಾಗುತ್ತದೆ. ಹೆಲ್ಮೆಟ್ ಕದಲುವುದಿಲ್ಲ.

"ಅಕ್ಕಾ, ತಲೇನೂ ಕಿತ್ಕೊಂಡು ಬರ್ತದೆ!"

"ಬರ್ಲಿ ಬಿಡ್ಲಾ. ಎಲ್ಮೆಟ್ ಒಂದೇ ಬರಬಾರ್ದು, ಅಷ್ಟೆ."

ಸುತ್ತ ನಿಂತವರು ನಗುತ್ತಾರೆ. ಶಶಿಕಲಾ ನಗುವುದಿಲ್ಲ. "ಎಲೆ ಅಡಿಕೆ ಅಗಿದಂಗೆ ಅಗಿ," ಎನ್ನುತ್ತಾರೆ. ಅಗಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ಸಿಗಬೇಕು. ಸಿಕ್ಕಿತು ಎಂದು ಅವನು ತಲೆಯಾಡಿಸುತ್ತಾನೆ. ಒಂದು ಟೀ ಕುಡಿಯುವಷ್ಟು ಹೊತ್ತು ಹಾಗೇ ಕೂರಿಸಿ, ಆಮೇಲೆ ತೆಗೆಸಿ, ಹಣೆಯ ಮೇಲೆ ಒಂದೇ ಕಡೆ ಕೆಂಪಗೆ ಒತ್ತಿದ ಗುರುತು ಇದೆಯೇ ಎಂದು ನೋಡುತ್ತಾರೆ. ಇಲ್ಲ. ಕೊನೆಗೆ ಒಂದು ಪ್ರಶ್ನೆ. ಯಾರನ್ನೂ ಅದನ್ನು ಕೇಳದೆ ಅವರು ಬಿಡುವುದಿಲ್ಲ.

"ಮುಡಿ ಹರಕೆ ಏನಾದ್ರೂ ಐತಾ?"

"ಇಲ್ಲಕ್ಕಾ."

ಸೆರಗಿನಲ್ಲಿ ಗಂಟು ಹಾಕಿದ್ದ ಸಣ್ಣ ಬಾಟಲಿ ಹೊರಬರುತ್ತದೆ. ಉಗುರಿಗೆ ಹಚ್ಚುವ ಕೆಂಪು ಬಣ್ಣ. ಪಟ್ಟಿಯನ್ನು ಎಲ್ಲಿಯವರೆಗೆ ಎಳೆದು ಬಿಗಿಯಬೇಕೋ ಅಲ್ಲಿ ಒಂದು ಚುಕ್ಕೆ ಇಡುತ್ತಾರೆ. ಆ ಚುಕ್ಕೆ ಇಲ್ಲದವನ ಬೈಕನ್ನು ರೇಸು ನಡೆಸುವ ಪೊನ್ನುಸ್ವಾಮಿ ಓಟ ಶುರುವಾಗುವ ಗೆರೆಯ ಹತ್ತಿರ ಬಿಡುವುದಿಲ್ಲ.

ಇದು ಟೀವಿಯಲ್ಲಿ ಬರುವ ರೇಸಲ್ಲ. ಬೆಳೆ ಕೊಯ್ದ ಮೇಲೆ, ಯಾರಾದರೂ ಹೊಲ ಕೊಟ್ಟರೆ, ಮಣ್ಣಿನಲ್ಲಿ ದಿಬ್ಬ ಕಟ್ಟಿ ನಡೆಸುವ ಭಾನುವಾರದ ಓಟ. ಓಡಿಸುವವರು ಸೇಲಂನ ಲೇತ್ ಕೆಲಸದವರು, ಹರೂರಿನ ಹಾಲಿನವರು, ಕಾಲೇಜು ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು. ಬೈಕಿಗೆ ಸುರಿದಷ್ಟು ಮನಸ್ಸನ್ನು ಹೆಲ್ಮೆಟ್ಟಿಗೆ ಯಾರೂ ಸುರಿಯುವುದಿಲ್ಲ. ಅಣ್ಣನದು, ಗೆಳೆಯನದು, ಸ್ಟಿಕರ್ ಚೆನ್ನಾಗಿದೆ ಎಂದು ತಂದದ್ದು. ಮೂವತ್ತು ಜನ ಬಂದರೆ ಹತ್ತು ಹನ್ನೆರಡು ಹೆಲ್ಮೆಟ್ ಸಡಿಲವಿರುತ್ತವೆ.

"ಅಂಗಡೀಲಿ ಆರಾಮಾಗೈತೆ ಅಂತ ತಕಂಬರ್ತಾರೆ. ಆರಾಮಾಗಿರಾಕೆ ಅದೇನು ದಿಂಬಾ?" ಎನ್ನುತ್ತಾರೆ ಶಶಿಕಲಾ.

ಅವರ ಚೀಲದಲ್ಲಿ ದಪ್ಪ, ತೆಳು ಎಂದು ವಿಂಗಡಿಸಿದ ಕೆನ್ನೆಯ ಮೆತ್ತೆಗಳಿವೆ. ಸಡಿಲವಿದ್ದರೆ ಆ ಹೆಲ್ಮೆಟ್ಟಿಗೇ ಹೊಂದುವ ದಪ್ಪ ಮೆತ್ತೆ ಹಾಕಿ ನೋಡುತ್ತಾರೆ. ಒಳಗಿನ ಥರ್ಮೋಕೋಲನ್ನು ಮುಟ್ಟುವುದಿಲ್ಲ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಎಂದು ಗೊತ್ತಾದರೆ ಕೈಗೂ ತೆಗೆದುಕೊಳ್ಳುವುದಿಲ್ಲ. ವಾರದ ಉಳಿದ ದಿನಗಳಲ್ಲಿ ಅವರಿಗೆ ಬೇರೆ ಕೆಲಸ. ಅದಿಯಮಾನ್‌ಕೋಟೆಯಲ್ಲಿ, ಹೆದ್ದಾರಿಯ ಪಕ್ಕದ ಅಂಗಡಿಯೊಂದರಲ್ಲಿ ಬೈಕಿನ ಸೀಟ್ ಕವರ್ ಹೊಲಿಯುತ್ತಾರೆ.

ಬಣ್ಣದ ಬಾಟಲಿಯನ್ನು ಅದೇ ಬೀದಿಯ ಫ್ಯಾನ್ಸಿ ಸ್ಟೋರಿನಲ್ಲಿ ಕೊಳ್ಳುತ್ತಾರೆ. ಮೊದಲ ಸಲ ಕೇಳಿದಾಗ ಅಂಗಡಿಯಾಕೆ ಅವರ ಬರಿ ಹಣೆಯನ್ನು ನೋಡಿ, "ಯಾರಿಗಮ್ಮಾ?" ಎಂದಿದ್ದಳಂತೆ. "ಮೂವತ್ತು ಗಂಡುಡುಗ್ರಿಗೆ ಅಂದೆ. ಇವತ್ತಿಗೂ ನನ್ನ ಮಕ ನೋಡಿ ಚಿಲ್ರೆ ಕೊಡಾಕಿಲ್ಲ ಅವ್ಳು."

ಶಶಿಕಲಾ ಹೋದಲ್ಲೆಲ್ಲ ಅತ್ತೆ ಗೋವಿಂದಮ್ಮನೂ ಬರುತ್ತಾರೆ. ಬೈಕು ಹೇರಿದ ಟಾಟಾ ಏಸಿನಲ್ಲಿ ಮುಂದೆ ಕೂತು ಬಂದು, ಮರದ ಬುಡದಲ್ಲಿ ಕಾಲು ನೀಡಿ, ಚೀಲ ಕಾಯುತ್ತಾರೆ. ರೇಸು ನೋಡುವುದಿಲ್ಲ. ಮೊದಲ ಬೈಕಿನ ಸದ್ದು ಎದ್ದ ಕೂಡಲೇ ಹೊಲದ ಕಡೆಗೆ ಬೆನ್ನು ಹಾಕುತ್ತಾರೆ. ಈಗ ಅವರು ಟೀ ತರಲು ಎದ್ದು ಹೋಗಿದ್ದಾರೆ. ಪತ್ರಿಕೆಗೆಂದು ಬರೆದುಕೊಳ್ಳುತ್ತಿರುವ ನನ್ನ ಕಡೆ ಬಾಗಿ ಶಶಿಕಲಾ ದನಿ ತಗ್ಗಿಸುತ್ತಾರೆ.

"ಇದ್ನ ಬರೀಬ್ಯಾಡ್ರಿ. ಅತ್ತೇಗೆ ತಿಳೀಬಾರ್ದು."

ಗಂಡ ವೇಣು ಮೆಕ್ಯಾನಿಕ್. ಗುಂಗುರು ಕೂದಲು, ಬಾಚಣಿಗೆ ಮುರಿಯುವಷ್ಟು ದಟ್ಟ. ಒಂದು ಸಲ ಇದೇ ರೇಸಿನಲ್ಲಿ ಬಿದ್ದು ಕೈ ಮುರಿದುಕೊಂಡಾಗ ಗೋವಿಂದಮ್ಮ, ಕೈ ಕೂಡಿದರೆ ಮಗನ ಮುಡಿ ಕೊಡಿಸುತ್ತೇನೆ ಎಂದು ತೀರ್ಥಮಲೆಯ ದೇವರಿಗೆ ಹರಕೆ ಹೊತ್ತರು. ಕೈ ಕೂಡಿತು. ಶುಕ್ರವಾರ ಮಲೆಗೆ ಹೋಗಿ ಮುಡಿ ಕೊಟ್ಟು ಬಂದರು. ಮೂವರೂ ಪ್ರಸಾದ ತಿಂದರು. ಭಾನುವಾರ ರೇಸಿತ್ತು. ದಿಬ್ಬದ ಮೇಲೆ ಬೈಕು ಅಡ್ಡ ತಿರುಗಿತು. ವೇಣು ಒಂದು ಕಡೆ ಬಿದ್ದ, ಹೆಲ್ಮೆಟ್ ಒಂದು ಕಡೆ.

ಆಸ್ಪತ್ರೆಯವರು ಬಟ್ಟೆಯ ಜೊತೆ ಹೆಲ್ಮೆಟ್ಟನ್ನೂ ಕೊಟ್ಟರು. ಒಂದು ಗೀರೂ ಇರಲಿಲ್ಲ. "ಪಟ್ಟಿ ಆಕ್ದಂಗೇ ಇತ್ತು. ಬಿಗಿದಿದ್ದು ಬಿಗಿದಂಗೇ." ಯಾಕೆ ಹಾಗಾಯಿತೆಂದು ಯಾರಿಗೂ ತಿಳಿಯಲಿಲ್ಲ. ಹಣೆಬರಹ ಎಂದರು.

ಮಕ್ಕಳಿಲ್ಲದ ವೇಣುವಿಗೆ ತಮ್ಮ ಶಿವಾ ಕರ್ಮ ಮಾಡಿದ, ತಲೆ ಬೋಳಿಸಿಕೊಂಡ. ಎಲ್ಲ ಮುಗಿದ ಮಾರನೆಯ ದಿನ ಅವನು ಧರ್ಮಪುರಿಗೆ ಹೊರಟು, ತನ್ನದೇ ಹೆಲ್ಮೆಟ್ ಹಾಕಿ, ಬಿದ್ದ ಕೀಲಿ ಎತ್ತಲು ಬಾಗಿದ. ಹೆಲ್ಮೆಟ್ ಕಣ್ಣಿನ ಮೇಲೆ ಜಾರಿತು. ವರ್ಷದಿಂದ ಬಿಗಿಯಾಗಿ ಕೂರುತ್ತಿದ್ದ ಹೆಲ್ಮೆಟ್. ಶಶಿಕಲಾ ಅವನನ್ನು ಅಂಗಳದಲ್ಲಿ ಕೂರಿಸಿ, ಪಟ್ಟಿ ಬಿಗಿಸಿ, ಹಿಂದಿನಿಂದ ಒತ್ತಿದರು. ಅದು ಕಳಚಿ ಅವರ ಕೈಗೆ ಬಂತು. ಪಟ್ಟಿ ಹಾಕಿದ ಹಾಗೇ ಇತ್ತು.

ವೇಣುವಿನ ತಲೆಯನ್ನು ಹಿಡಿಯಬೇಕಿದ್ದ ಹೆಲ್ಮೆಟ್ ಕೂದಲನ್ನು ಹಿಡಿದಿತ್ತು. ಆ ಕೂದಲು ಮಲೆಯಲ್ಲಿ ಉಳಿದಿತ್ತು.

"ಮಗನ್ನ ಕಾಯ್ಲಿ ಅಂತ್ಲೇ ಹರಕೆ ಒತ್ತಿದ್ದು ಅವ್ರು. ಎಂಗೆ ಏಳ್ಲಿ?" ಗೋವಿಂದಮ್ಮ ಟೀ ಲೋಟ ಹಿಡಿದು ಬರುತ್ತಿದ್ದಾರೆ. ಶಶಿಕಲಾ ಚೀಲದ ಮೆತ್ತೆಗಳನ್ನು ಜೋಡಿಸತೊಡಗುತ್ತಾರೆ.

ಬಿಸಿಲು ಏರುವ ಹೊತ್ತಿಗೆ ಪ್ರಭಾಕರ್ ಬರುತ್ತಾನೆ. ಹತ್ತಿರದ ಹಳ್ಳಿಯವನು, ಕುರಿ ಸಾಕುವ ಮನೆ. ಅವನ ಹೆಲ್ಮೆಟ್ಟಿನ ಪಟ್ಟಿಯ ಮೇಲೆ ಕಳೆದ ರೇಸಿನ ಕೆಂಪು ಚುಕ್ಕೆ ಈಗಲೂ ಇದೆ. ಅದನ್ನೇ ತೋರಿಸಿ ಮುಂದೆ ಹೋಗಲು ನೋಡುತ್ತಾನೆ. ತಲೆಯ ಮೇಲೆ ಟೋಪಿ.

"ಟೋಪಿ ತೆಗಿ."

"ಚುಕ್ಕೆ ಐತಲ್ಲಕ್ಕಾ, ನೀನೇ ಇಟ್ಟಿದ್ದು."

"ತೆಗಿ ಅಂದೆ."

ಟೋಪಿಯ ಕೆಳಗೆ ಹೊಸದಾಗಿ ಬೋಳಿಸಿ ಗಂಧ ಬಳಿದ ತಲೆ. ಶಶಿಕಲಾ ಅವನನ್ನು ಕೂರಿಸಿ, ಪಟ್ಟಿ ಬಿಗಿದು, ಹಿಂದಿನಿಂದ ಒತ್ತುತ್ತಾರೆ. ಹೆಲ್ಮೆಟ್ ಹಣೆಯ ಮೇಲೆ ಮಗುಚಿ ಮೂಗಿಗೆ ಬರುತ್ತದೆ. ಇರುವುದರಲ್ಲಿ ದಪ್ಪ ಮೆತ್ತೆ ಹಾಕುತ್ತಾರೆ. ಕೆನ್ನೆ ಹಿಡಿಯುತ್ತದೆ, ನೆತ್ತಿ ಹಿಡಿಯುವುದಿಲ್ಲ. ಬೇರೆಯವರ ಹೆಲ್ಮೆಟ್ಟುಗಳನ್ನು ಒಂದೊಂದಾಗಿ ಹಾಕಿಸಿ ನೋಡುತ್ತಾರೆ. ಯಾವುದೂ ಕೂರುವುದಿಲ್ಲ.

"ಒಳಗೆ ಟವಲ್ ಸುತ್ಕೊತೀನಕ್ಕಾ."

"ಟವಲು ಜಾರ್ತದೆ. ಎಲ್ಮೆಟ್ಟೂ ಜಾರ್ತದೆ. ಬ್ಯಾಡ."

ಪ್ರಭಾಕರ್ ಪೊನ್ನುಸ್ವಾಮಿಯ ಹತ್ತಿರ ಓಡುತ್ತಾನೆ. ಪೊನ್ನುಸ್ವಾಮಿ ಬಂದು ತಮಿಳಿನಲ್ಲಿ, "ಪಾವಂಕಾ, ಒರು ವಾಟಿ ವಿಟ್ಟುಡುಂಗ," ಎಂದು ಬೇಡುತ್ತಾರೆ. ಪಾಪ ಅಕ್ಕಾ, ಈ ಒಂದು ಸಲ ಬಿಟ್ಟುಬಿಡಿ. ಶಶಿಕಲಾ ಬಾಟಲಿಯ ಮುಚ್ಚಳವನ್ನು ಇನ್ನಷ್ಟು ತಿರುಗಿಸಿ ಬಿಗಿ ಮಾಡುತ್ತಾರೆ.

ಆಗ ಜನರ ನಡುವಿನಿಂದ ಹುಡುಗನ ತಾಯಿ ರಮಾಮಣಿ ಮುಂದೆ ಬರುತ್ತಾರೆ. "ನಾನೇ ಕಣಮ್ಮಾ ಕೊಡ್ಸಿದ್ದು. ಅವ್ನು ಬೀಳಬಾರ್ದು ಅಂತ ಗುಡಿ ಅಮ್ಮನ್ಗೆ ಹರಕೆ ಏಳ್ಕೊಂಡಿದ್ದೆ. ದೇವರ ಕೆಲ್ಸ ಮಾಡಿದ್ದು ತಪ್ಪಾಯ್ತಾ?"

ಶಶಿಕಲಾ ಹಿಂತಿರುಗಿ ನೋಡುತ್ತಾರೆ. ಹೇಳಬೇಕಾದ ಮಾತು ಒಂದೇ ಇದೆ. ಅದನ್ನು ಕೇಳಬಾರದವರು ಮೂರು ಮಾರು ದೂರದಲ್ಲಿ, ಮರದ ಬುಡದಲ್ಲಿದ್ದಾರೆ.

ಗೋವಿಂದಮ್ಮ ಮಂಡಿಗೆ ಕೈ ಊರಿ ಏಳುತ್ತಾರೆ. ಬಂದು ರಮಾಮಣಿಯ ಮುಂಗೈ ಹಿಡಿಯುತ್ತಾರೆ.

"ತಪ್ಪಲ್ಲ. ನಾನೂ ಕೊಡ್ಸಿದ್ದೆ. ಎರಡೇ ದಿನಕ್ಕೆ ನನ್ನ ಮಗ ಇದೇ ಆಟಕ್ಕೋದ. ಕೂದ್ಲು ತಿರುಗಾ ಬರ್ತದೆ ಕಣಮ್ಮಾ. ಕರ್ಕಂಡೋಗು ಮನೇಗೆ."

ಪ್ರಭಾಕರ್ ಹೆಲ್ಮೆಟ್ಟನ್ನು ನೆಲಕ್ಕೆ ಕುಕ್ಕಲು ಎತ್ತಿ, ಎತ್ತಿದ ಕೈ ಇಳಿಸಿ, ಟೋಪಿ ಹಾಕಿಕೊಂಡು ಬೈಕು ತಳ್ಳಿಕೊಂಡು ಹೋಗುತ್ತಾನೆ. ಹಿಂದೆ ಅವನ ತಾಯಿ.

"ಯಾವಾಗಿಂದ ಗೊತ್ತತ್ತೆ ನಿಮ್ಗೆ?" ಶಶಿಕಲಾ ಕೇಳುತ್ತಾರೆ.

"ಅಂಗಳದಾಗೆ ಶಿವನ ತಲೆಯಿಂದ ನೀ ಅದ್ನ ಕಿತ್ತಾಗ ನಾನು ಬಾಗ್ಲಾಗೆ ನಿಂತಿರ್ಲಿಲ್ವಾ? ನೀ ಬಾಯಿ ಬಿಡ್ಲಿಲ್ಲ. ನಾನ್ಯಾಕೆ ಬಿಡ್ಲಿ?" ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳುತ್ತಾರೆ, "ಬರ್ಕಳ್ಳಿ ಬಿಡು. ಇನ್ನೊಬ್ಳು ತಾಯಿ ಓದಿದ್ರೆ ಓದ್ಲಿ."

ಶಶಿಕಲಾಗೆ ದೊಡ್ಡ ಆಸೆಗಳಿಲ್ಲ. ರೇಸಿನ ಪೋಸ್ಟರಿನಲ್ಲಿ, ಮುಡಿ ಕೊಡುವವರು ರೇಸಾದ ಮೇಲೆ ಕೊಡಿ ಎಂದು ಒಂದು ಸಾಲು ಹಾಕಿಸಬೇಕು. ಹಿಂದೆ ಕೇಳಿದಾಗ ಪೊನ್ನುಸ್ವಾಮಿ ನಕ್ಕಿದ್ದರು. ಇವತ್ತು ನಗಲಿಲ್ಲ.

ಕುರ್ಚಿಗೆ ಮುಂದಿನವನು ಬಂದು ಕೂರುತ್ತಾನೆ. ಶಶಿಕಲಾ ಒತ್ತಿ ನೋಡುತ್ತಾರೆ, ಅಗಿಸುತ್ತಾರೆ, ಹಣೆ ನೋಡುತ್ತಾರೆ. ಕೊನೆಯ ಪ್ರಶ್ನೆ ಉಳಿದಿದೆ. ಮರದ ಬುಡದಿಂದ ಗೋವಿಂದಮ್ಮ ಕೇಳುತ್ತಾರೆ:

"ಮುಡಿ ಹರಕೆ ಏನಾದ್ರೂ ಐತೇನಪ್ಪಾ?"