ಎಲೆಯಿಲ್ಲದ ಗುಡ್ಡದ ನಕ್ಷೆ

ಮೊಬೈಲ್ ಕಂಪನಿಯ ನಕ್ಷೆಯಲ್ಲಿ ನಮ್ಮೂರು ಅಚ್ಚ ಹಸಿರು. ಹಸಿರೆಂದರೆ ಮನೆಯೊಳಗೂ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ಅರ್ಥವಂತೆ. ಮಳೆಗಾಲದಲ್ಲಿ ನಮ್ಮ ಮನೆಯಿಂದ ಒಂದು ಕರೆ ಮಾಡಬೇಕಾದರೆ ಕೊಡೆ ಹಿಡಿದು ತೋಟದ ಮೇಲಿನ ಬಂಡೆ ಹತ್ತಬೇಕು. ಅತ್ತಿಗೆಗೆ ಜುಲೈಯಲ್ಲಿ ಹೆರಿಗೆ. ನೋವು ಶುರುವಾದರೆ ಮೂಡಿಗೆರೆಯ ಜೀಪಿನವರನ್ನು ಕರೆಯುವುದು ಹೇಗೆ? ಅದಕ್ಕೇ ನಾವು ಇನ್ನೊಂದು ಟವರ್ ಕೇಳಿದ್ದು.

ಕಂಪನಿಯ ಇಂಜಿನಿಯರ್ ಪಂಚಾಯಿತಿ ಸಭೆಗೆ ಲ್ಯಾಪ್‌ಟಾಪ್ ಹಿಡಿದು ಬಂದರು.

"ಕಂಪ್ಯೂಟರ್ ಸಿಮ್ಯುಲೇಶನ್ ಪ್ರಕಾರ ನಿಮ್ಮಲ್ಲಿ ಕವರೇಜ್ ಇದೆ ಮೇಡಂ. ನಾವೇ ಬಂದು ಅಳತೆನೂ ಮಾಡಿದೀವಿ."

"ಯಾವಾಗ ಮಾಡಿದ್ರಿ?"

"ಹೋದ ವರ್ಷ ಮೇ ತಿಂಗಳಲ್ಲಿ."

ನನಗೆ ಮೈ ಉರಿಯಿತು. ಮಳೆ ಹಿಡಿಯುವ ಮುಂಚೆ ನಮ್ಮಲ್ಲಿ ಮರಗಸಿ ಮಾಡುತ್ತಾರೆ; ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುತ್ತಾರೆ. ಆಗ ತೋಟವೆಲ್ಲ ಬೋಳು. ಈ ಮಹಾಶಯರು ಬೋಳು ತೋಟದಲ್ಲಿ ನಿಂತು ಅಳೆದಿದ್ದಾರೆ, ಕಂಪ್ಯೂಟರಿಗೂ ಬೋಳು ಗುಡ್ಡವನ್ನೇ ಕೊಟ್ಟಿದ್ದಾರೆ. ನಾನು ಓದಿದ್ದು ಆಂಟೆನಾ ವಿನ್ಯಾಸ. ಅಲೆಗಳ ಲೆಕ್ಕ ಮಾಡುವ ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಮಳೆ ಬಿದ್ದ ಮೇಲೆ ಅದೇ ಮರಗಳು ಚಿಗುರುತ್ತವೆ, ನೀರು ತುಂಬಿದ ಎಲೆ ಸಿಗ್ನಲ್ಲನ್ನು ಹೀರುತ್ತದೆ. ಇದನ್ನು ಅವರು ಕೇಳಲೇ ಇಲ್ಲ.

ನಾನು ಕೇಳಿದ್ದೆ. ಎಲೆ, ನೀರು ಎರಡನ್ನೂ ಸೇರಿಸಿ ಮಾಡಿದ ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ನಮ್ಮೂರು ಪೂರ್ತಿ ಕೆಂಪು.

"ಇದು ಸರಿ ಅಂತ ಯಾರ್ ಹೇಳಿದ್ರು?" ಎಂದರು ಇಂಜಿನಿಯರ್.

"ಯಾರೂ ಹೇಳೋದು ಬೇಡ. ಜುಲೈಯಲ್ಲಿ ಬಂದು ಅಳೀರಿ. ನಂದು ತಪ್ಪಾದ್ರೆ ಟವರಿನ ಸುದ್ದಿನೇ ಎತ್ತಲ್ಲ."

ಅವರು ನನ್ನ ನಕ್ಷೆಯ ಮೇಲೆ ಬಗ್ಗಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಒಪ್ಪುತ್ತಿದ್ದರು. ಅಷ್ಟರಲ್ಲಿ ಪಂಚಾಯಿತಿ ಸದಸ್ಯರಾದ ನಮ್ಮ ದೊಡ್ಡಪ್ಪ ಬಾಯಿ ಹಾಕಿದರು.

"ಸಾಕು ಬಿಡೇ ಮಾರಾಯ್ತಿ, ಪಾಪ ದೂರದಿಂದ ಬಂದಿದಾರೆ. ಕಾಫಿ ತಗೊಳಿ ಸಾರ್, ಆರ್ತಾ ಇದೆ. ಸಿಗ್ನಲ್ ತೀರಾ ಇಲ್ಲ ಅಂತೇನಲ್ಲ, ಮಳೆ ಬಿಟ್ಟು ಹೊಳವಾದಾಗ ಒಂದೊಂದ್ಸಲ ಬರುತ್ತೆ."

"ನೋಡಿ, ಹಿರಿಯರೇ ಹೇಳ್ತಿದಾರೆ!" ಇಂಜಿನಿಯರ್ ಲ್ಯಾಪ್‌ಟಾಪ್ ಮುಚ್ಚಿದರು. ನಮ್ಮ ಬೇಡಿಕೆಯೂ ಅಲ್ಲಿಗೇ ಮುಗಿಯಿತು.

ಆಲ್ದೂರಿನ ಕಾಫಿ ವ್ಯಾಪಾರಿಗೆ ಫೋನ್ ಮಾಡಲು ಬಂಡೆ ಹತ್ತಿ "ಹಲೋ, ಹಲೋ" ಎಂದು ಗಂಟಲು ಹರಿದುಕೊಳ್ಳುವ ಮನುಷ್ಯ ಇದೇ ದೊಡ್ಡಪ್ಪ! ಮನೆಗೆ ಬಂದ ಮೇಲೆ ಜಗಳ ತೆಗೆದೆ.

"ಎದುರಿಗೆ ಕೂತವ್ರ ಮುಖಕ್ಕೆ ಹೊಡೆದ ಹಾಗೆ ಮಾತಾಡೋಕಾಗುತ್ತೇನೇ?" ಎಂದರು.

ನಮ್ಮ ಕಡೆಯವರು ಬಹಳ ಮೃದು ಎಂದು ಹೊರಗಿನವರು ಹೊಗಳುತ್ತಾರೆ. ಸುಡಲಿ ಆ ಮೃದುತ್ವ. ಸುಳ್ಳು ನಕ್ಷೆ ತಂದವನಿಗೆ ಮುಜುಗರವಾಗಬಾರದು, ತುಂಬು ಗರ್ಭಿಣಿಗೆ ಏನಾದರೂ ಆಗಲಿ ಎನ್ನುವುದು ಯಾವ ಸೀಮೆಯ ಮರ್ಯಾದೆ?

ಅತ್ತಿಗೆ ವಾದಕ್ಕೆ ನಿಲ್ಲಲಿಲ್ಲ. "ನಿಮ್ಮಿಬ್ಬರ ಜಗಳ ಮುಗಿಯೋಷ್ಟರಲ್ಲಿ ಮಗು ಶಾಲೆಗೆ ಹೋಗುತ್ತೆ" ಎಂದು ಬಟ್ಟೆ ಮಡಚತೊಡಗಿದರು. ಮಳೆ ಹಿಡಿಯುವ ಮೊದಲೇ ಮೂಡಿಗೆರೆಯ ನೆಂಟರ ಮನೆಗೆ ಹೊರಟರು. ಇಷ್ಟವಿರಲಿಲ್ಲ, ಕಣ್ಣು ಕೆಂಪಾಗಿತ್ತು.

ದೊಡ್ಡಪ್ಪನೇ ಪೆಟ್ಟಿಗೆಯನ್ನು ಜೀಪಿಗೆ ಹಾಕಿದರು. "ಮಗು ಹುಟ್ಟಿದ ಕೂಡ್ಲೇ ಒಂದು ಫೋನ್ ಮಾಡಮ್ಮ" ಎಂದರು.

"ಜುಲೈ ಮಳೇಲಿ ಎಲ್ಲಿಗೆ ಮಾಡ್ಬೇಕು ದೊಡ್ಡಪ್ಪ?" ಎಂದೆ.

ಅವರು ಜೀಪಿನ ಬಾಗಿಲು ಹಾಕಿದರು. ಜೀಪು ಹೊರಟಿತು.